ಹಿಂದಿನ ಎಡಗಡೆಯ ಟೈರು

ಮಾರ್ಚ್ 2, ಭಾನುವಾರ

ಎಂದಿನಂತೆ ಕಾರು ಒರೆಸಿದೆ. ಹೊದಿಕೆ ತೆಗೆದು, ಸ್ಟಾರ್ಟ್ ಮಾಡಿ ಹತ್ತು ನಿಮಿಷ ಬಿಟ್ಟು, ಟೈರಿಗೆ ಕಪ್ಪು ಪಾಲಿಶ್ ಹಚ್ಚಿ — ಮತ್ತೆ ಹೊದಿಕೆ. ಅಪ್ಪನ ಕಾಲದ ಕಾರು. ವರ್ಷಕ್ಕೆ ನೂರು ಕಿಲೋಮೀಟರೂ ಓಡುವುದಿಲ್ಲ. ಟೈರುಗಳ ಮೇಲೆ ಹೊಸದರಲ್ಲಿದ್ದ ಸಣ್ಣ ರಬ್ಬರ್ ಕೂದಲು ಇನ್ನೂ ಅಲ್ಲಲ್ಲಿ ಉಳಿದಿದೆ.

ಅಕ್ಕನ ಫೋನು. ಹದಿನಾರನೇ ತಾರೀಖಿಗೆ ಅವಳಿಗೆ ಎಂಬತ್ತು ತುಂಬುತ್ತದೆ. ಏನು ಬೇಕು ಎಂದೆ.

"ಏನೂ ಬೇಡ ಕಣೋ. ಅಪ್ಪನ ಕಾರಲ್ಲಿ ಒಂದ್ಸಲ ಸಮುದ್ರ ತೋರ್ಸು, ಸಾಕು."

ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು. ಇಷ್ಟೂ ಮಾಡದಿದ್ದರೆ ನಾನೆಂಥ ತಮ್ಮ?

ಮಾರ್ಚ್ 9

ಗಾಳಿ ಹಾಕಿಸಲು ಹೋದೆ. ಟೈರ್ ಅಂಗಡಿಯಾಕೆ ಪೈಪು ಪಕ್ಕಕ್ಕಿಟ್ಟು ಕುಕ್ಕರುಗಾಲಲ್ಲಿ ಕೂತಳು. ಟೈರಿನ ಪಕ್ಕೆಯನ್ನು ಬಟ್ಟೆಯಿಂದ ಉಜ್ಜಿದಳು. ಪಾಲಿಶ್ ಹೋಯಿತು. ಕೆಳಗೆ ಸಣ್ಣ ಸಣ್ಣ ಬಿರುಕು.

"ಹೈವೇಗೆ ತಗೊಂಡ್ ಹೋಗ್ಬೇಡಿ ಸಾರ್."

"ಓಡೇ ಇಲ್ಲಮ್ಮ! ಟೈರಿನ ಅಚ್ಚು ನೋಡು, ಸವೆದೇ ಇಲ್ಲ."

"ಓಡದಿದ್ರೂ ರಬ್ಬರ್‌ಗೆ ವಯಸ್ಸಾಗುತ್ತೆ. ಇಲ್ನೋಡಿ, ನಾಲ್ಕು ನಂಬರ್. ಮೊದಲೆರಡು ತಯಾರಾದ ವಾರ, ಆಮೇಲಿಂದು ವರ್ಷ. ಇಪ್ಪತ್ತು ವರ್ಷ ದಾಟಿದೆ."

ಡಿಕ್ಕಿಯ ಸ್ಟೆಪ್ನಿ ಅದಕ್ಕಿಂತ ಹಳೆಯದಂತೆ. ವ್ಯಾಪಾರದ ಮಾತು ಎಂದುಕೊಂಡೆ. ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು ನನಗೆ. ಅವಳು ಕೊಟ್ಟ ಕಾರ್ಡು ಜೇಬಿಗೆ ತುರುಕಿ, ಬೇರೆ ಕಡೆ ಗಾಳಿ ಹಾಕಿಸಿದೆ.

ಮನೆಯಲ್ಲಿ ಹೇಳಿದರೆ ಹೆಂಡತಿ ನಗಲಿಲ್ಲ. "ನಲವತ್ತು ವರ್ಷ ಮೆಡಿಕಲ್ ಶಾಪ್ ನಡೆಸಿದ್ರಿ. ಡೇಟ್ ಒಂದು ದಿನ ದಾಟಿದ್ರೂ ಮಾತ್ರೆ ಕೊಟ್ಟವರಲ್ಲ. ಅಕ್ಕನಿಗೆ ಮಾತ್ರ ಯಾಕ್ರೀ?"

ಔಷಧಿ ಬೇರೆ, ಟೈರು ಬೇರೆ ಎಂದೆ. ಕೇಳಲಿಲ್ಲ.

"ಹಾಗಾದ್ರೆ ಅವರನ್ನ ಕೂರಿಸೋ ಮುಂಚೆ ಒಬ್ಬರೇ ಒಂದು ರೌಂಡ್ ಹೋಗ್ಬನ್ನಿ."

ಹೂಂ ಎಂದೆ. ಅವಳು ಹಟ ಹಿಡಿದರೆ ನನ್ನ ಆಟ ನಡೆಯುವುದಿಲ್ಲ.

ಮಾರ್ಚ್ 11, ಬೆಳಿಗ್ಗೆ 11

ಈಗಷ್ಟೇ ಮನೆಗೆ ಬಂದು ಕೂತೆ. 

ಒಬ್ಬನೇ ಬೈಪಾಸ್‌ಗೆ ಹೋಗಿದ್ದೆ. ಅರವತ್ತರ ವೇಗ. ಮೊದಲು ಸೀಟಿನಡಿ ಗಡಗಡ — ರಸ್ತೆ ಸರಿಯಿಲ್ಲ ಎಂದುಕೊಂಡೆ. ಆಮೇಲೆ ಢಂ! ಕಾರಿನ ಹಿಂಭಾಗ ಪಕ್ಕಕ್ಕೆ ಎಳೆಯಿತು. ಬ್ರೇಕ್ ಒತ್ತಲಿಲ್ಲ, ಆ ಬುದ್ಧಿ ಎಲ್ಲಿಂದ ಬಂತೋ. ಮಣ್ಣಿಗಿಳಿದು ನಿಂತಿತು. ಎದುರಿಗೆ ಒಂದು ಗಾಡಿಯೂ ಇರಲಿಲ್ಲ, ಪುಣ್ಯ.

ಹಿಂದಿನ ಎಡಗಡೆಯ ಟೈರು. ಮೇಲ್ಪದರ ಪೂರ್ತಿ ಕಿತ್ತುಬಂದು ಮಡ್‌ಗಾರ್ಡನ್ನೇ ಹರಿದುಹಾಕಿದೆ. ಅದರ ಮೇಲಿನ ಸೀಟು ಅಕ್ಕ ಯಾವಾಗಲೂ ಕೂರುವ ಜಾಗ...

ಮಾರ್ಚ್ 15

ಬರೆಯಲು ಮನಸ್ಸಾಗಿರಲಿಲ್ಲ. ಇವತ್ತು ಬರೆಯಲೇಬೇಕು.

ಅವತ್ತು ನಾಚಿಕೆ ನುಂಗಿಕೊಂಡು ಫೋನ್ ಮಾಡಿದ್ದು ಟೈರ್ ಅಂಗಡಿಯಾಕೆಗೇ. ಕಾರ್ಡು ಜೇಬಲ್ಲೇ ಇತ್ತು. ಜಾಕ್ ಹಿಡಿದು ಬಂದಳು. "ನಾನು ಹೇಳಿರ್ಲಿಲ್ವಾ" ಎನ್ನಲಿಲ್ಲ. "ನಿಮಗೇನೂ ಆಗಿಲ್ವಲ್ಲ ಸಾರ್?" ಎಂದು ಮೊದಲು ನೀರಿನ ಬಾಟಲಿ ಕೊಟ್ಟಳು. ಕಿತ್ತುಬಂದ ಟೈರನ್ನು ಕೈಯಲ್ಲಿ ಎಳೆದು ತೋರಿಸಿದಳು. ಹಳೆ ಚಪ್ಪಲಿಯ ಅಟ್ಟೆಯ ಹಾಗೆ ಸುಲಿದು ಬಂತು. ವಾರವಾರ ನಾನು ಹಚ್ಚಿದ ಪಾಲಿಶ್ ಬಿರುಕನ್ನು ಮುಚ್ಚಿತ್ತು, ಅಷ್ಟೇ.

ಸ್ಟೆಪ್ನಿಯೂ ಸೇರಿ ಐದೂ ಹೊಸದು. ಮಡ್‌ಗಾರ್ಡ್ ಸದ್ಯಕ್ಕೆ ತಟ್ಟಿ ಕೂರಿಸಿದ್ದಾರೆ. ನಂಬರ್ ನಾನೇ ಬಗ್ಗಿ ಓದಿದೆ. "ಹತ್ತು ವರ್ಷದ ಮೇಲೆ ಒಂದು ದಿನವೂ ಬೇಡ ಸಾರ್" ಎಂದಳು. ಟೈರುಗಳ ಅವಧಿ ಮುಗಿಯುವ ತಾರೀಖು ಬರೆದು ಡ್ಯಾಶ್‌ಬೋರ್ಡಿಗೆ ಚೀಟಿ ಅಂಟಿಸಿದೆ.

ಹೆಂಡತಿ ಓದಿದಳು. "ಟೈರ್ ಮೊದಲೋ ನೀವ್ ಮೊದಲೋ, ನೋಡೋಣ."

ಅವಳ ಕೈ ಹಿಡಿದುಕೊಂಡೆ. ಬಾಯಲ್ಲಿ ಹೇಳಲಾಗಲಿಲ್ಲ, ಇಲ್ಲಿ ಬರೆಯುತ್ತೇನೆ. ಈ ಇಬ್ಬರು ಹೆಂಗಸರ ಋಣ ನನ್ನ ಮೇಲಿದೆ. ಒಬ್ಬಳು ಹೇಳಿದಳು, ಇನ್ನೊಬ್ಬಳು ಕೇಳಿಸಿಕೊಂಡಳು. ನಾನು ಎರಡೂ ಮಾಡಲಿಲ್ಲ.

ಮಾರ್ಚ್ 16, ಬೆಳಿಗ್ಗೆ 6

ಅಕ್ಕ ಐದಕ್ಕೇ ಬಂದಿಳಿದಳು. ಸಮುದ್ರ ಸರಿಯಾಗಿ ಕಾಣಲೆಂದು ಹೊಸ ಕನ್ನಡಕ. ಅವಳಿಗೆ ಏನೂ ಗೊತ್ತಿಲ್ಲ ಎಂದುಕೊಂಡಿದ್ದೆ. ಕಾರಿನ ಸುತ್ತ ಒಂದು ಸುತ್ತು ಬಂದು, ಹಿಂದಿನ ಎಡಗಡೆ ನಿಂತು ಟೈರು ತಟ್ಟಿದಳು.

"ನಿನ್ನ ಹೆಂಡ್ತಿ ಎಲ್ಲಾ ಹೇಳಿದ್ಲು."

ಬೈಗುಳಕ್ಕೆ ಕಾದೆ. ನನ್ನ ತಲೆ ಸವರಿದಳು — ಅರವತ್ತೆಂಟರ ಬೋಳು ತಲೆ. "ನೀನು ಉಳ್ಕೊಂಡ್ಯಲ್ಲ ಕಣೋ. ಸಮುದ್ರ ಇಲ್ದಿದ್ರೂ ನಡೀತಿತ್ತು."

ಕಣ್ಣು ಒರೆಸಿಕೊಳ್ಳಲು ಒಳಗೆ ಬಂದವನು ಇದನ್ನು ಬರೆಯುತ್ತಾ ಕೂತೆ. ಹೊರಗೆ ಹಾರ್ನ್. ಕಿಟಕಿಯಿಂದ ನೋಡಿದರೆ ಅಕ್ಕ ಹಿಂದಿನ ಸೀಟಿನಿಂದಲೇ ಕೈ ಚಾಚಿ ಒತ್ತುತ್ತಿದ್ದಾಳೆ. ಅಪ್ಪ ತಡ ಮಾಡಿದಾಗಲೂ ಹೀಗೇ ಒತ್ತುತ್ತಿದ್ದಳು. ಹೊರಟೆ.