ನಾಲ್ಕು ಕಟ್ಟು

ಆಗಸ್ಟ್ 11, ಬೆಳಗ್ಗೆ 6.40

ಹಲ್ಲುಜ್ಜುವಾಗಲೂ ಹೊಡೆಯಿತು. ಬಲಗಡೆ ಸೊಂಟದಿಂದ ಹೊರಟು, ತೊಡೆಯ ಹಿಂದೆ ಇಳಿದು, ಕಿರುಬೆರಳಿನವರೆಗೆ — ಕರೆಂಟ್. ಬ್ರಷ್ ಬಾಯಲ್ಲೇ ಕಚ್ಚಿಕೊಂಡು ಗೋಡೆ ಹಿಡಿದು ನಿಂತೆ.

ಸಯಾಟಿಕಾ ಅಂದರು ಡಾಕ್ಟರ್. ಆರೂವರೆ ತಿಂಗಳು, ಭಾರ ಹೆಚ್ಚಿದೆ, ನರಕ್ಕೆ ಒತ್ತು ಬೀಳುತ್ತದೆ. ಹೆರಿಗೆಯಾದ ಮೇಲೆ ಸರಿಹೋಗುತ್ತದಂತೆ. ಆದರೆ ಪರೀಕ್ಷೆ ಹೆರಿಗೆಗೆ ಮೊದಲೇ ಉಂಟಲ್ಲ ಡಾಕ್ಟರೇ!

ಸೆಪ್ಟೆಂಬರ್ 20. ಕೇರಳ ಪಿಎಸ್‌ಸಿ. ಎಲ್‌ಪಿ, ಅಂದರೆ ಕಿರಿಯ ಪ್ರಾಥಮಿಕ ಶಾಲೆಯ ಟೀಚರ್, ಕನ್ನಡ ಮೀಡಿಯಂ. ನೂರು ಪ್ರಶ್ನೆ, ಒಂದೂವರೆ ಗಂಟೆ. ಕಳೆದ ಸಲ ನಾಲ್ಕು ಮಾರ್ಕಿಗೆ ಹೋಯಿತು, ಆಗ ನನಗೆ ಮದುವೆಯೂ ಆಗಿರಲಿಲ್ಲ. ಇನ್ನೊಮ್ಮೆ ಕರೆಯುವಷ್ಟರಲ್ಲಿ ಹೊಟ್ಟೆಯಲ್ಲಿರುವುದು ಶಾಲೆಗೆ ಹೋಗುತ್ತಿರುತ್ತದೆ.

ಸದ್ಯ ನಾನು ಕೂರಬಲ್ಲದ್ದು ಹನ್ನೆರಡು ನಿಮಿಷ. ಮೊಬೈಲಲ್ಲಿ ಟೈಮರ್ ಇಟ್ಟು ನೋಡಿದ್ದೇನೆ.

ಆಗಸ್ಟ್ 16

ಫಿಸಿಯೋ ಹೇಳಿಕೊಟ್ಟದ್ದು: ಕೈ, ಮೊಣಕಾಲು ಊರಿ ಬೆನ್ನನ್ನು ನಿಧಾನ ಮೇಲೆ ಕೆಳಗೆ. ಪ್ರವೀತ್ ಬಾಗಿಲಲ್ಲಿ ನಿಂತು, "ದನದ ಹಟ್ಟಿಯಿಂದ ಯಾವಾಗ ಬಿಟ್ಟದ್ದು ಮಾರಾಯ್ತಿ?" ಅಂದ. ಗಂಡ ಎಂಬ ಪ್ರಾಣಿಗೆ ದಿಂಬು ಎಸೆದೆ.

ಆದರೆ ಹಾಯೆನಿಸಿತು. ಹದಿನೆಂಟು ನಿಮಿಷ.

ಆಗಸ್ಟ್ 24

ಶುಭಕಾರ್ಯಕ್ಕಾಗದ ಆಟಿ ತಿಂಗಳು ಮುಗಿಯಲೆಂದು ಕಾದು ಇಟ್ಟುಕೊಂಡ ಬಯಕೆ, ನನ್ನ ಸೀಮಂತ. ಹಸಿರು ಸೀರೆ, ತಲೆ ತುಂಬ ಮಲ್ಲಿಗೆ. ಮುಳ್ಳೇರಿಯದಿಂದ ಅಮ್ಮ ಬಂದಿದ್ದಳು. ಮಣೆಯ ಮೇಲೆ ಕೂರಿಸಿದರು — ನೆಲದಿಂದ ನಾಲ್ಕು ಬೆರಳು ಎತ್ತರ! ಹೆಂಗಸರು ಒಬ್ಬೊಬ್ಬರೇ ಬಂದು ಹೂ ಮುಡಿಸುವುದು, ತಿಂಡಿ ಬಾಯಿಗಿಡುವುದು. ಒಂಬತ್ತನೆಯವರ ಹೋಳಿಗೆ ಬಾಯಲ್ಲಿರುವಾಗ ಕಾಲು ಸಿಡಿಯಿತು. ಎದ್ದುಬಿಟ್ಟೆ.

ಮಣೆಯಿಂದ ಅರ್ಧಕ್ಕೆ ಏಳುವುದುಂಟೇ? ಪಕ್ಕದ ಮನೆಯ ಶಂಕರಿಯಕ್ಕ ಎಲ್ಲರಿಗೂ ಕೇಳುವ ಹಾಗೆ ಅಂದರು: "ಹೋಳಿಗೆ ತಿನ್ಲಿಕ್ಕೆ ಕೂರ್ಲಿಕ್ಕೆ ಆಗದವಳು ಪರೀಕ್ಷೆ ಬರೀತಾಳಂತೆ."

ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ. ನೋವಿಗಲ್ಲ, ಸಿಟ್ಟಿಗೆ.

ಸಂಜೆ 5

ಬಯಕೆ ಆದ ದಿನವೇ ತವರಿಗೆ ಹೊರಡಬೇಕು. ಅಮ್ಮ ಬ್ಯಾಗು ತುಂಬಿಸಿಯೂ ಆಗಿತ್ತು. ಪ್ರವೀತನ ಅಮ್ಮ ದಮಯಂತಿಯತ್ತೆ ಆ ಬ್ಯಾಗನ್ನು ಎತ್ತಿ ಮಂಚದ ಕೆಳಗೆ ತಳ್ಳಿದರು.

"ಪರೀಕ್ಷೆ ಆಗಿ ಬರ್ತಾಳೆ. ಇವಳಿಗೆ ಮೊದಲು ಕೂರ್ಲಿಕ್ಕೆ ಕಲಿಸ್ಬೇಕು."

ಅಮ್ಮನ ಬಾಯಿ ತೆರೆದೇ ಇತ್ತು. ನನ್ನದೂ.

ಆಗಸ್ಟ್ 26

ಅತ್ತೆ ಬೀಡಿ ಕಟ್ಟಲು ಶುರುಮಾಡಿ ಮೂವತ್ತಾರು ವರ್ಷ. ಮಡಿಲಲ್ಲಿ ಮೊರದಂಥ ತಡಪೆ, ಅದರಲ್ಲಿ ಎಲೆ, ನೂಲು. ಹೊಗೆಸೊಪ್ಪಿನ ಹುಡಿ ಮಗುವಿಗೆ ಆಗದೆಂದು ಈಗ ಹೊರಗಿನ ಜಗಲಿಗೆ ಹೋಗಿ ಕೂರುತ್ತಾರೆ. ನಾನು ಬಾಗಿಲ ಒಳಗೆ.

"ನೀನು ಕೂತ್ಕೊಳ್ಳುದೇ ತಪ್ಪು. ಕಲ್ಲಿನ ಹಾಗೆ ಕೂರುದು, ನೋವು ಬಂದ ಮೇಲೆ ಹಾರುದು. ನೋವು ಬರುವ ಮೊದಲೇ ಕುಂಡೆ ಬದಲಿಸ್ಬೇಕು."

ಇಪ್ಪತ್ತೈದು ಬೀಡಿಗೆ ಒಂದು ಕಟ್ಟು. ಕಟ್ಟಿಗೆ ನೂಲು ಸುತ್ತಿದ ಕೂಡಲೇ ಅವರು ಮೊಣಕಾಲೂರಿ ಎದ್ದು, ಬೆನ್ನು ಹಿಂದಕ್ಕೆ ಬಾಗಿಸಿ, ಬಲಗಡೆ ಅಡಿಯಲ್ಲಿದ್ದ ಮಡಚಿದ ಟವೆಲನ್ನು, ಅವರ ಬೈರಾಸನ್ನು, ಎಡಗಡೆಗೆ ಸರಿಸಿ ಮತ್ತೆ ಕೂರುತ್ತಾರೆ. ನೋವು ಇರಲಿ, ಇಲ್ಲದಿರಲಿ. ನಾಲ್ಕು ವರ್ಷದಿಂದ ದಿನಾ ನೋಡುತ್ತಿದ್ದೇನೆ. ಚಡಪಡಿಕೆ ಎಂದುಕೊಂಡಿದ್ದೆ! ಟೀಚರ್ ಆಗಲು ಹೊರಟವಳು...

"ನೂರು ಪ್ರಶ್ನೆ ಅಂದ್ರೆ ಎಂತ? ನಾಲ್ಕೇ ಕಟ್ಟು," ಅಂದರು.

ಆಗಸ್ಟ್ 31

ಹಳೆಯ ಪ್ರಶ್ನೆಪತ್ರಿಕೆ. ಕುರ್ಚಿ, ಬೈರಾಸು. ಇಪ್ಪತ್ತೈದು ಆದ ಕೂಡಲೇ "ಕಟ್ಟು!" ಎಂದು ಕೂಗಿ ಏಳಬೇಕು. ಅತ್ತೆಯೂ ಹೊರಗಿನಿಂದ ಕೂಗುತ್ತಾರೆ. ನಾನು ಒಂದು ಮುಗಿಸುವ ಮೊದಲೇ ಅವರದ್ದು ಆಗಿರುತ್ತದೆ.

ನಲವತ್ತೊಂದು ನಿಮಿಷ!

ಸೆಪ್ಟೆಂಬರ್ 9

ಎಪ್ಪತ್ತು ನಿಮಿಷ. ಮೂರನೇ ಕಟ್ಟು ಅತ್ತೆಗಿಂತ ಮೊದಲು ನನ್ನದು ಆಯಿತು. "ನೂಲು ತುಂಡಾಯ್ತು, ಇಲ್ಲದಿದ್ರೆ ನೋಡ್ತಿದ್ದೆ," ಅಂದರು. ಸೋಲೊಪ್ಪುವ ಜಾತಿಯಲ್ಲ.

ಸೆಪ್ಟೆಂಬರ್ 14

ಮಂಚದಿಂದ ಏಳಲು ಆಗಲಿಲ್ಲ. ಪ್ರವೀತ್ ಎತ್ತಿ ಕೂರಿಸಿದ. ಮುಂದಿನ ಸಲ ನೋಡುವ ಅಂದ, ಮೆಲ್ಲಗೆ. ತಮಾಷೆ ಮಾಡದೆ ಮಾತಾಡಿದ್ದಕ್ಕೇ ಹೆಚ್ಚು ಹೆದರಿಕೆಯಾಯಿತು.

ಮುಂದಿನ ಸಲ ಇಲ್ಲ. ಬೇಡ.

ಸೆಪ್ಟೆಂಬರ್ 20, ಸಂಜೆ 4

ಬರೆಯುತ್ತೇನೆ. ಎಲ್ಲ ಬರೆಯುತ್ತೇನೆ.

ವರ್ಕಾಡಿಯ ಮನೆಯಿಂದ ಸೆಂಟರ್‌ವರೆಗೆ ಪ್ರವೀತನ ಜೀಪು. ದಿನಾ ಜನ ತುಂಬಿಸಿ ಹಾರಿಸುವವನು ಇವತ್ತು ಹೊಂಡ ಕಂಡಲ್ಲೆಲ್ಲ ನಿಲ್ಲಿಸಿ ನಿಲ್ಲಿಸಿ ಚಕ್ರ ಇಳಿಸಿದ. ಹಿಂದಿನ ಬಸ್ಸಿನವನು ಹಾರ್ನ್ ಹೊಡೆದೂ ಹೊಡೆದೂ ಸುಸ್ತಾದ.

ಪರೀಕ್ಷಾ ಹಾಲ್‌ನ ಬಾಗಿಲಲ್ಲಿ ಬೈರಾಸು ಹಿಡಿದರು. ಪೆನ್ನು, ಹಾಲ್ ಟಿಕೆಟ್, ಐಡಿ ಬಿಟ್ಟು ಏನೂ ಒಳಗೆ ಬರಬಾರದು. ಇನ್ವಿಜಿಲೇಟರ್ ಮೇಡಂ ಅದನ್ನು ಬಿಚ್ಚಿ, ಕೊಡವಿ, ಮೂಸಿದರು.

"ಬೀಡಿ ವಾಸನೆ ಬರ್ತದಲ್ಲ?"

"ಅತ್ತೆದು ಮೇಡಂ. ಮೂರು ಸಲ ಒಗೆದದ್ದು." ಕಾಲಿನ ವಿಷಯ ಹೇಳಿದೆ. ನಡುವೆ ಎದ್ದು ನಿಲ್ಲಬೇಕಾಗುತ್ತದೆ ಎಂದೂ ಹೇಳಿದೆ. ಹೊಟ್ಟೆ ನೋಡಿದರು.

"ಸಾರಮಿಲ್ಲ ಮೋಳೇ, ಪರವಾಗಿಲ್ಲ. ಕೊನೆಯ ಬೆಂಚಲ್ಲಿ ಕೂತ್ಕೋ. ಎದ್ದು ನಿಲ್ಲು, ಬೇರೆಯವರ ಪೇಪರ್ ಮಾತ್ರ ನೋಡ್ಬೇಡ."

ಒಂದನೇ ಕಟ್ಟು. ಎದ್ದೆ, ಬಾಗಿದೆ, ಬೈರಾಸು ಎಡಕ್ಕೆ. ಎರಡನೇ ಕಟ್ಟು, ಬೈರಾಸು ಬಲಕ್ಕೆ. ಮೂರನೆಯದರಲ್ಲಿ, ಅರವತ್ತೆರಡನೇ ಪ್ರಶ್ನೆಗೆ, ಬಂತು. ಕಣ್ಣಲ್ಲಿ ನೀರು, ಒಎಂಆರ್ ಹಾಳೆ ಒದ್ದೆಯಾಗದ ಹಾಗೆ ದೂರ ಹಿಡಿದೆ. ಬೆಂಚಿನ ಪಕ್ಕ ಮೊಣಕಾಲೂರಿದೆ. ಹಾಗೇ ಊರಿಕೊಂಡು ಹದಿಮೂರು ಪ್ರಶ್ನೆ ಬರೆದೆ. ಮೇಡಂ ಬಂದು ನಿಂತರು, ಫ್ಯಾನ್ ಜೋರು ಮಾಡಿ ಹೋದರು. ನಾಲ್ಕನೇ ಕಟ್ಟಿಗೆ ಮತ್ತೆ ಕೂತೆ. ಕೂತೆ!

ನೂರು ಆದಾಗ ಏಳು ನಿಮಿಷ ಬಾಕಿ. ಬಾಯಿಯವರೆಗೆ ಬಂದಿತ್ತು, "ಕಟ್ಟು!" ಎಂದು ಕೂಗಲು.

ಗೇಟಿನ ಹೊರಗೆ ಅತ್ತೆ. ಮನೆಯಿಂದ ಹೊರಟಾಗ ಜೀಪಿನಲ್ಲಿ ಇರಲಿಲ್ಲ, ನಮ್ಮ ಹಿಂದಿನ ಬಸ್ಸಿನಲ್ಲೇ ಬಂದರಂತೆ. ನಾಲ್ಕು ಬೆರಳೆತ್ತಿ ತೋರಿಸಿದೆ. ರಸ್ತೆಯಲ್ಲೇ ತಬ್ಬಿಕೊಂಡರು.

ನವೆಂಬರ್ 8, ಮುಳ್ಳೇರಿಯ

ಹತ್ತು ದಿನದ ಹೆಣ್ಣು. ಮೂರು ಕಿಲೋ, ಕಿರುಚಿದರೆ ಗುಡ್ಡೆಯಾಚೆಗೆ ಕೇಳಬೇಕು. ಇವತ್ತು ಚಕ್ಕಳಮಕ್ಕಳ ಹಾಕಿ ಕೂತು ಊಟ ಮಾಡಿದೆ. ಹೊಡೆಯಲಿಲ್ಲ. ಇನ್ನೊಂದು ಸಲ ಬಡಿಸಿಕೊಂಡೆ, ಕೂರುವ ಖುಷಿಗೇ.

ಏಪ್ರಿಲ್ 16, ವರ್ಕಾಡಿ

ರ‍್ಯಾಂಕ್ ಲಿಸ್ಟ್ ಬಂತು. ಅವಸರದಲ್ಲಿ ಮೊಬೈಲಲ್ಲಿ ಎರಡು ಸಲ ಬೇರೆ ಏನೋ ಒತ್ತಿದೆ. ಆಮೇಲೆ ಸಿಕ್ಕಿತು. ನನ್ನ ಹೆಸರು. ನನ್ನದೇ.

ಜಗಲಿಗೆ ಓಡಿದೆ. ಹೌದು, ಓಡಿದೆ.

"ಎಷ್ಟನೆಯದು?" ಅತ್ತೆಯ ಕೈಯಲ್ಲಿ ನೂಲು ಹಾಗೇ ನಿಂತಿತ್ತು.

"ಹನ್ನೊಂದು, ಅತ್ತೆ."

ಬೆರಳು ಮಡಚಿ ಎಣಿಸಿದರು. "ಹಾಗಾದ್ರೆ ಮೊದಲನೇ ಕಟ್ಟಲ್ಲೇ ಉಂಟಲ್ಲ!"

ತಡಪೆ ಅತ್ತ, ಬೀಡಿ ಇತ್ತ. ಮೂವತ್ತಾರು ವರ್ಷದಲ್ಲಿ ಕಟ್ಟು ಅರ್ಧಕ್ಕೆ ಬಿಟ್ಟು ಎದ್ದದ್ದು ಇದೇ ಮೊದಲಿರಬೇಕು. ಈಗ ಬೇಲಿಯ ಹತ್ತಿರ ನಿಂತು ಕೂಗುತ್ತಿದ್ದಾರೆ, "ಶಂಕರೀ... ಓ ಶಂಕರೀ, ಸ್ವಲ್ಪ ಹೊರಗೆ ಬಾ! ಹೋಳಿಗೆ ಉಂಟು!" ಹೋಳಿಗೆ ಎಲ್ಲಿದೆ, ಇನ್ನು ನಾನೇ ಮಾಡಬೇಕು. ಮಾಡುತ್ತೇನೆ, ಮಣೆ ಹಾಕಿ ಕೂತೇ ಮಾಡು—

ಮಗಳು ಎದ್ದಳು