ಬಸದಿಯ ಹಲಗೆಯಲ್ಲಿದ್ದ ಸೀಸ

ಅಕ್ಕಾ,

ನೀನು ಹೋಗಿ ಆರು ವರ್ಷವಾಯಿತು. ಇದನ್ನು ಬರೆಯಲು ಮೂರು ಸಲ ಕೂತು ಎದ್ದಿದ್ದೇನೆ. ದಣಿವು ಎನ್ನಲೇ, ಎಂತ ಎನ್ನಲಿ...

ಕಾರ್ಕಳದ ನಮ್ಮ ಚಾವಡಿ ನೆನಪುಂಟಾ? ಅಪ್ಪ ಬಸದಿಗೆಂದು ಹಲಸಿನ ಹಲಗೆಗಳ ಮೇಲೆ ಚಿತ್ರ ಬರೆಯುತ್ತಿದ್ದರು. ನೀನು ಪಕ್ಕದಲ್ಲಿ ಕೂತು ಬಿಳಿ ಬಣ್ಣಕ್ಕೆ ಸಫೇದ ಅರೆಯುತ್ತಿದ್ದೆ, ಹುಬ್ಬಿನ ಮೇಲೆಲ್ಲ ಪುಡಿ. ಕುಂಚದ ತುದಿಯನ್ನು ತುಟಿಯಲ್ಲೇ ಚೂಪು ಮಾಡಿ ಕೊಡುತ್ತಿದ್ದೆ. ನಾನು ಬಂದರೆ, "ನೀನು ಓದು ಮಾರಾಯ್ತಿ, ಇದು ನನಗಿರಲಿ" ಎನ್ನುತ್ತಿದ್ದೆ. ನಾನು ಓದಿದೆ.

ಕಾಪುವಿನ ಗಂಡನ ಮನೆಯಿಂದ ನೀನು ಟ್ರಂಕು ಹಿಡಿದು ವಾಪಸು ಬಂದ ದಿನವೂ ನಾನು ಪುಸ್ತಕದಿಂದ ತಲೆ ಎತ್ತಲಿಲ್ಲ. ಮೂರನೆಯ ಬಸಿರೂ ನಿಂತಿರಲಿಲ್ಲ. ನಿನ್ನ ಅತ್ತೆ ದೈವದ ದೋಷ ಎಂದರು, ನಮ್ಮ ಅಮ್ಮನೂ ನಂಬಿದರು. ನೀನು ಮುಖ ತೊಳೆದು ಮತ್ತೆ ಸಫೇದ ಅರೆಯಲು ಕೂತೆ. ಆಮೇಲೆ ಆ ಹೊಟ್ಟೆನೋವು, ಮತ್ತೆ...

ಕಳೆದ ತಿಂಗಳು ಬಸದಿಯವರು ಬಂದು, ಅಪ್ಪ ಬರೆದ ಬಿಳಿ ಮುಖಗಳೆಲ್ಲ ಕಪ್ಪಾಗಿವೆ ಎಂದರು. ನಾನೀಗ ಮಣಿಪಾಲದ ಕಾಲೇಜಿನ ಲ್ಯಾಬಿನಲ್ಲಿ ಸಹಾಯಕಿ. ಹಲಗೆಯ ಅಂಚಿನಿಂದ ಸಾಸಿವೆಯಷ್ಟು ಬಣ್ಣ ಕೆರೆದು ತಂದು, ಆಮ್ಲದಲ್ಲಿ ಕರಗಿಸಿ, ಅಯೋಡೈಡ್ ಹನಿಸಿದೆ. ಪ್ರನಾಳದಲ್ಲಿ ಹೊಳೆಯುವ ಹಳದಿ ಇಳಿಯಿತು. ಹಿಂದೆ ನಿಂತಿದ್ದ ನಮ್ಮ ಸರ್, "ಸೀಸ. ವರ್ಷ ಕಳೆದ ಹಾಗೆ ಗಾಳಿಗೆ ಕಪ್ಪಾಗುತ್ತದೆ. ಮೈಗೆ ವಿಷ. ಯಾರು ಅರೆದದ್ದು ಇದನ್ನು?" ಎಂದರು.

"ಅಕ್ಕ."

"ಈಗ ಹೇಗಿದ್ದಾರೆ?"

ತೀರಿಹೋಗಿ ಆರು ವರ್ಷವಾಯಿತು ಎಂದೆ ಅಕ್ಕಾ.

ಸರ್ ನನ್ನನ್ನು ಡಾಕ್ಟರರೊಬ್ಬರ ಬಳಿ ಕಳಿಸಿದರು. ಎಲ್ಲ ಕೇಳಿ ಅವರು, "ಖಂಡಿತ ಎನ್ನಲಾರೆ. ಆದರೆ ಸೀಸ ಎಲುಬಿನಲ್ಲಿ ಕೂತು ವರ್ಷಗಟ್ಟಲೆ ಇರುತ್ತದೆ. ಬಸಿರು ನಿಲ್ಲದಿರಲು ಅಷ್ಟು ಸಾಕು" ಎಂದರು.

ಅಪ್ಪನಿಗೆ ಈಗ ಬಲಗೈಯ ಮಣಿಕಟ್ಟು ಏಳುವುದಿಲ್ಲ. ಅದೂ ಸೀಸದಿಂದಲೇ ಇರಬಹುದಂತೆ. ಅವರಿಗೆ ಹೇಳಲು ಬಾಯಿ ಬರಲಿಲ್ಲ. ಮಗಳ ಕೈಗೆ ಆ ಅರೆಯುವ ಕಲ್ಲು ಕೊಟ್ಟದ್ದು ಅವರೇ ಅಲ್ವಾ? ಕಪ್ಪಾಗದ ಬೇರೆ ಬಿಳಿ ಉಂಟು ಎಂದಷ್ಟೇ ಹೇಳಿ, ಉಳಿದ ಸಫೇದವನ್ನು ಮನೆಯಿಂದ ಹೊರಗೆ ಹಾಕಿಸಿದೆ.

ಕಾಪುವಿಗೆ ಮಾತ್ರ ಹೋಗಿಬಂದೆ. ಜಗಳಕ್ಕೆಂದೇ ಹೊರಟವಳಿಗೆ ಬಸ್ಸಿಳಿಯುವಾಗ ಅದಕ್ಕೂ ತ್ರಾಣ ಇರಲಿಲ್ಲ. ನಿನ್ನ ಅತ್ತೆ ಜಗಲಿಯಲ್ಲಿ ಕೂತು ಪೂರ್ತಿ ಕೇಳಿದರು.

"ಹಾಗಾದರೆ ದೋಷ ಅಲ್ವಾ?"

"ಅಲ್ಲ."

"ಅವಳಿಗೆ ಗೊತ್ತಿತ್ತಾ ಇದು?"

"ಇಲ್ಲ."

ಅವರು ಕಾಲು ಒಳಕ್ಕೆ ಮಡಚಿ ಕೂತರು. ಆಮೇಲೆ, "ಇಲ್ಲಿಂದ ಹೋಗುವ ದಿನ ನನ್ನ ಕಾಲಿಗೆ ಬಿದ್ದು ತಪ್ಪಾಯಿತು ಅಂದಳು. ನಾನು ಕಾಲು ಎಳೆದುಕೊಂಡೆ" ಎಂದರು.

ಈ ಆಟಿ ತಿಂಗಳಲ್ಲಿ ಅವರ ಮನೆಯಲ್ಲಿ ತೀರಿಹೋದವರಿಗೆ ಬಡಿಸುವಾಗ ನಿನಗೂ ಒಂದು ಎಲೆ ಹಾಕುತ್ತಾರಂತೆ. ನಿನಗೆ ತಿಳಿಸು ಎಂದಿದ್ದಾರೆ.

ಹೋಗುವುದು, ಬಿಡುವುದು ನಿನ್ನಿಷ್ಟ ಅಕ್ಕಾ.

ನಿನ್ನ ತಂಗಿ