ವಿಮಾನ ಬಂದು ಹೊಡೆಯುತ್ತದೆ

ಕಣಕಟ್ಟೆ
11-2-1979, ಭಾನುವಾರ

ಚಿ॥ ಸೌ॥ ಚಲುವಮ್ಮನಿಗೆ,

ನಿನ್ನ ಗಂಡ ಶಿವಯ್ಯನ ಆಶೀರ್ವಾದಗಳು. ಆಶೀರ್ವಾದ ಮಾಡುವ ಯೋಗ್ಯತೆ ಉಳಿದಿದೆಯೇ ಎಂದು ನೀನು ಕೇಳಬಹುದು. ಕೇಳು. ಏಳು ವರ್ಷವಾಗುತ್ತ ಬಂತು, ನೀನು ನನ್ನನ್ನು ಏನೂ ಕೇಳಿಲ್ಲ. ಬೈಯುವುದಕ್ಕಾದರೂ ಒಂದು ಮಾತು ಬಂದರೆ ಅದೇ ನನಗೆ ದೊಡ್ಡದು.

ಈ ಕಾಗದವನ್ನು ನಮ್ಮ ಸ್ಕೂಲಿನ ಚಂದ್ರರಾಜ ಮೇಷ್ಟ್ರ ಕೈಯಲ್ಲಿ ಕಳಿಸುತ್ತಿದ್ದೇನೆ. ಅವರ ಮನೆ ಹಳೇಬೀಡಿನಲ್ಲಿ, ಬಸದಿಯ ಹಿಂದೆ. ನಾಳೆ ರಜ ಹಾಕಿ, ಮಾದಿಹಳ್ಳಿಯಲ್ಲಿ ಇಳಿದು ನಿನ್ನ ಕೈಗೇ ಕೊಡುತ್ತೇನೆ ಎಂದಿದ್ದಾರೆ. ಟಪಾಲನ್ನು ನಂಬಲು ಧೈರ್ಯ ಬರಲಿಲ್ಲ. ಬುಧವಾರದೊಳಗೆ ನಿನಗೆ ಸಿಕ್ಕಲೇಬೇಕು.

ಗುರುವಾರ ವಿಮಾನ ಬರುತ್ತದೆ ಚಲುವಿ. ಮತ್ತೆ ಬರುತ್ತದೆ!

ತೆಂಗಿಗೆ ಅದೇ ಕಪ್ಪುತಲೆ ಹುಳ. ಗರಿಗಳೆಲ್ಲ ಸುಟ್ಟ ಹಾಗೆ ಕಂದು ತಿರುಗಿವೆ. ಈ ಸಲ ನಮ್ಮ ತೋಟಗಳ ಜೊತೆಗೆ ನಿಮ್ಮ ಮಾದಿಹಳ್ಳಿ ತೋಟಗಳಿಗೂ ಔಷಧಿ ಹೊಡೆಯುತ್ತಾರಂತೆ. ಬೇಸಾಯದ ಆಫೀಸಿನ ಗುಮಾಸ್ತ ಹನುಮಂತಯ್ಯ ಮೊನ್ನೆ ಬಂದು ಜಗಲಿ ಮೇಲೆ ಕೂತು, ಕಾಫಿ ಹೀರುತ್ತ ಹೇಳಿದ: "ಈ ಸಲ ಏನೂ ಭಯ ಇಲ್ಲ ಬಿಡಿ ಶಿವಯ್ಯನೋರೇ. ನಿಮ್ಮ ಭಾವಮೈದನ್ನ ಬುಧವಾರಾನೇ ಠಾಣೆಗೆ ಕರ್ಕೊಂಡೋಗಿ ಕೂರಿಸ್ತಾರಂತೆ. ನಾಲ್ಕು ದಿನ. ವಿಮಾನ ಹಿಂದಕ್ಕೆ ಹೋದ ಮೇಲೆ ಬಿಡ್ತಾರೆ. ಮುಂಜಾಗ್ರತೆ ಅಷ್ಟೆ." ಹೇಳಿ ನಕ್ಕ. ನಾನೂ ನಕ್ಕೆ. ನಕ್ಕಿದ್ದನ್ನೂ ನಿನಗೆ ಹೇಳಿಬಿಡುತ್ತೇನೆ.

ನಿಮ್ಮಣ್ಣ ಹೊನ್ನಯ್ಯ ಜೈಲಿಂದ ಮಾದಿಹಳ್ಳಿಗೆ ಬಂದ ಮೇಲೆ, ಜೀಪಿನ ಸದ್ದು ಕೇಳಿದರೆ ಸಾಕು, ಕೊಟ್ಟಿಗೆಗೆ ಹೋಗಿ ಎಮ್ಮೆಯ ಮರೆಯಲ್ಲಿ ನಿಂತುಬಿಡುತ್ತಾನೆ ಎಂದು ಮೇಷ್ಟ್ರು ಹೇಳಿದರು. ಅಂಥವನು ಮತ್ತೆ ನಾಲ್ಕು ದಿನ ಆ ಸರಳುಗಳ ಹಿಂದೆ ಕೂತರೆ ವಾಪಸು ಬರುವುದು ನಿಮ್ಮಣ್ಣನೇ ಆಗಿರುತ್ತಾನೆಯೇ?

ಆದ್ದರಿಂದ ಈ ಕಾಗದ. ನಿನಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತೇನೆ, ಬೇಸರಪಡಬೇಡ. ಇದನ್ನು ಠಾಣೆಯವರೂ ಓದಬೇಕು.

ಎಪ್ಪತ್ತೊಂದನೇ ಇಸವಿ ನವೆಂಬರ್. ರೇಡಿಯೋ ತಿರುಗಿಸಿದರೆ ಯುದ್ಧ ಇವತ್ತೋ ನಾಳೆಯೋ ಎಂಬ ಸುದ್ದಿ. ಅರಸೀಕೆರೆ ಸ್ಟೇಷನ್ನಿನಲ್ಲಿ ಸಿಪಾಯಿಗಳ ರೈಲು ನೋಡಿ ಬಂದವರು ಊರಿಗೆ ಬಂದು ಒಂದಕ್ಕೆ ಹತ್ತು ಸೇರಿಸಿ ಹೇಳುತ್ತಿದ್ದರು. ಅಂಥ ದಿನದಲ್ಲಿ ಇದೇ ಹನುಮಂತಯ್ಯ ಒಂದು ಚೀಟಿ ತಂದ. "ನಾಳೆ ಬೆಳಿಗ್ಗೆ ವಿಮಾನ ಬಂದು ತೆಂಗಿನ ತೋಟಗಳಿಗೆ ಔಷಧಿ ಹೊಡೆಯುತ್ತದೆ. ಜನರು ಮನೆಯೊಳಗೇ ಇರಬೇಕು. ದನಕರು ಹೊರಗೆ ಬಿಡಬಾರದು. ಬಾವಿಗಳನ್ನು ಮುಚ್ಚಬೇಕು." ಇಷ್ಟೇ. ಸಾರಬೇಕಾದವನು ತಮಟೆ ಮರಿಯಣ್ಣ. ಅವನಾಗಿದ್ದರೆ, "ತೆಂಗಿಗೆ ಔಸ್ತಿ ಹೊಡೀತಾರಂತೆ ಕಣ್ರಪ್ಪೋ, ಒಳಗಿರ್ರಪ್ಪೋ" ಅನ್ನುತ್ತಿದ್ದ. ಊರು ಬಾಗಿಲು ಹಾಕಿಕೊಂಡು ಸುಮ್ಮನಿರುತ್ತಿತ್ತು.

ನಾನು ಬಿಟ್ಟೆನೇ? ನಮ್ಮ ನಾಟಕದ ಕಂಪನಿ ಮುಚ್ಚಿ ಎಂಟು ತಿಂಗಳಾಗಿತ್ತು. ಮುಖಕ್ಕೆ ಬಣ್ಣವಿಲ್ಲ, ಎದುರಿಗೆ ಜನವಿಲ್ಲ. ಕಂಠ ಗೂಟಕ್ಕೆ ಕಟ್ಟಿದ ಹೋರಿಯ ಹಾಗೆ ಒದ್ದಾಡುತ್ತಿತ್ತು. "ತಾರೋ ಮರಿಯಾ, ನಾನು ಸಾರುತ್ತೇನೆ" ಎಂದು ಚೀಟಿ ಕಸಿದುಕೊಂಡೆ. ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಒಪ್ಪಿಸಿ ನೋಡುತ್ತಿದ್ದಾಗ ನೀನು ಒಲೆಯ ಮುಂದಿನಿಂದಲೇ ಕೇಳಿದೆ, "ಔಷಧಿ ಅನ್ನೋದೆಲ್ರೀ ಬಂತು?" "ಸಾರುವಾಗ ಸೇರಿಸಿಕೊಳ್ತೀನಿ ಕಣೇ" ಎಂದೆ. ಸಂಜೆ ಗಾಡಿಯ ಮೇಲೆ ನಿಂತು ತಗಡಿನ ತುತ್ತೂರಿ ಎತ್ತಿದೆ:

"ಕೇಳಿರಿ ಮಹಾಜನಗಳೇ! ನಾಳೆ ಸೂರ್ಯೋದಯಕ್ಕೆ ಸರಿಯಾಗಿ ಆಕಾಶಮಾರ್ಗದಲ್ಲಿ ವಿಮಾನ ಬರುತ್ತದೆ! ಬಂದು ಹೊಡೆಯುತ್ತದೆ! ಹೊರಬಿದ್ದವರ ಪಾಡು ಅವರದೇ! ದನಕರುಗಳನ್ನು ಕಟ್ಟಿರಿ! ಬಾವಿಗಳನ್ನು ಮುಚ್ಚಿರಿ!"

ಆಹಾ, ಏನು ನಿಶ್ಶಬ್ದ! ಇಪ್ಪತ್ತು ವರ್ಷ ರಂಗದ ಮೇಲೆ ಕೂಗಿದರೂ ಅಂಥ ನಿಶ್ಶಬ್ದ ನನಗೆ ಸಿಕ್ಕಿರಲಿಲ್ಲ. ಅದನ್ನು ಮೆಚ್ಚುಗೆ ಎಂದುಕೊಂಡು ಮನೆಗೆ ಬಂದು ಉಂಡು ಮಲಗಿದೆ. ಅದು ಭಯ, ಚಲುವಿ, ಶತ್ರುವಿನ ವಿಮಾನದ ಭಯ. ಸಾರುವ ಭರದಲ್ಲಿ ನಾಲಿಗೆ ತಪ್ಪಿ ಆ ಒಂದು ಪದ ಮರೆತುಹೋಗಿತ್ತು.

ಆಗ ಇಲ್ಲಿ ನಮ್ಮೂರ ಹೊರಗೆ, ನಮ್ಮ ತೋಟ ನೋಡಿಕೊಂಡು, ತೋಟದ ಮನೆಯಲ್ಲಿ ಇದ್ದವರು ನಿಮ್ಮಣ್ಣ ಮತ್ತು ನಿಮ್ಮವ್ವ ಮುದ್ದಮ್ಮತ್ತೆ. ಕೋತಿ ಓಡಿಸಲು ಅವನ ಹತ್ತಿರ ಲೈಸೆನ್ಸಿನ ನಾಡಕೋವಿ ಇತ್ತು. ಯಾವಾಗಲೂ ಬರೀ ಮದ್ದು ತುಂಬಿ ಸದ್ದು ಮಾಡುತ್ತಿದ್ದನೇ ಹೊರತು ಒಂದು ಕೋತಿಯನ್ನೂ ಕೊಂದವನಲ್ಲ. ನನ್ನ ಮಾತು ಕೇಳಿ ಅವತ್ತು ಮದ್ದಿನ ಮೇಲೆ ಸೀಸದ ಚರೆಯನ್ನೂ ತುಂಬಿದ.

ಬೆಳಿಗ್ಗೆ ಮುದ್ದಮ್ಮತ್ತೆ ಅವನ ಮಾತು ಕೇಳದೆ ಬಿದ್ದ ಸೋಗೆ ಎಳೆದು ತರಲು ತೋಟಕ್ಕೆ ಹೋದರು. ವಿಮಾನ ಬಂತು. ಔಷಧಿ ಗರಿಗೆ ಕೂರಬೇಕಾದರೆ ಕೆಳಗೇ ಹಾರಬೇಕು. ಮರದ ಸುಳಿಯಿಂದ ಎರಡು ಮಾರು ಮೇಲೆ, ಅಷ್ಟೇ. ಮರಗಳೆಲ್ಲ ಬಾಗಿದವು. ಹೊಟ್ಟೆಯಿಂದ ಬಿಳೀ ಹೊಗೆ ಬಿಟ್ಟುಕೊಂಡು ಹೋಯಿತು. ಅತ್ತೆ ಮುಖಕ್ಕೆ ಸೆರಗು ಮುಚ್ಚಿ, ಕೆಮ್ಮುತ್ತ, ಕುಸಿದು ಬಿದ್ದರು. "ನಮ್ಮವ್ವನ್ನ ಹೊಡೆದ್ಬಿಟ್ನಲ್ಲಪ್ಪೋ!" ಎಂದು ನಿಮ್ಮಣ್ಣ ಕೂಗಿದ್ದು ಅಗಸೆ ಬಾಗಿಲಿಗೆ ಕೇಳಿತು. ವಿಮಾನ ತಿರುಗಿ ಅದೇ ಸಾಲಿಗೆ ಮತ್ತೆ ಬಂತು. ಅವನು ಅವ್ವನ ಮುಂದೆ ನಿಂತು ಕೋವಿ ಎತ್ತಿದ.

ನಾಡಕೋವಿಗೆ ವಿಮಾನ ಬೀಳುತ್ತದೆಯೇ ಎಂದು ಇಲ್ಲಿ ಈಗಲೂ ತಮಾಷೆ ಮಾಡುವವರಿದ್ದಾರೆ. ವಿಮಾನ ಬೀಳಬೇಕಾಗಿಲ್ಲ. ಅಷ್ಟು ಕೆಳಗೆ, ಅಷ್ಟು ವೇಗದಲ್ಲಿ ವಿಮಾನ ನಡೆಸುವವನಿಗೆ ಒಂದು ಗಳಿಗೆ ಕಣ್ಣು ತಪ್ಪಿದರೆ ಸಾಕು. ಗಾಜು ಒಡೆದು ಚರೆ ಅವನ ಎಡಗಣ್ಣಿಗೆ ಹೊಕ್ಕಿತು. ತೊಟ್ಟಿ ತುಂಬ ವಿಷ, ಮುಖದ ತುಂಬ ರಕ್ತ, ಮುಂದೆ ಸ್ಕೂಲು. ಕಲ್ಲಿನ ಗೋಡೆಯೆಂದು ಊರವರು ನಸುಕಿನಲ್ಲೇ ತಂದು ಬಿಟ್ಟ ಎಪ್ಪತ್ತು ಮಕ್ಕಳನ್ನು ಒಳಗೆ ಕೂರಿಸಿಕೊಂಡು ಚಂದ್ರರಾಜ ಮೇಷ್ಟ್ರು ಮಗ್ಗಿ ಹೇಳಿಸುತ್ತಿದ್ದರು. ಚಕ್ರ ತಗುಲಿ ಸೂರಿನ ಹೆಂಚು ಉದುರಿದವು. ಇನ್ನೊಂದು ಮೊಳ ಕೆಳಗಿದ್ದಿದ್ದರೆ? ಆ ಒಂದು ಮೊಳವನ್ನು ನಾನು ಈಗಲೂ ದಿನಾ ಅಳೆಯುತ್ತೇನೆ.

ಆ ಪುಣ್ಯಾತ್ಮ, ಇನ್ನೂ ಮೀಸೆ ಚಿಗುರದ ಹುಡುಗ, ಒಂದೇ ಕಣ್ಣಿನಲ್ಲಿ ವಿಮಾನವನ್ನು ಒಣಗಿದ ಕೆರೆಯಂಗಳಕ್ಕೆ ಇಳಿಸಿದ. ಮೊದಲು ಓಡಿ ಹೋದವನು ನಿಮ್ಮಣ್ಣ. ನಾನು ಹೋಗುವ ಹೊತ್ತಿಗೆ ಅವನನ್ನು ಹೊರಗೆಳೆದು, ತನ್ನ ತಲೆವಸ್ತ್ರ ಹರಿದು ಕಣ್ಣಿಗೆ ಕಟ್ಟುತ್ತಿದ್ದ. ಹುಡುಗ ನೋವಿನಲ್ಲಿ ಹಿಂದಿಯಲ್ಲಿ ಏನೋ ಅಂದ. ನಿಮ್ಮಣ್ಣ ಅವನ ಕೆನ್ನೆ ಸವರಿ ಕೇಳಿದ, "ನೀನು ನಮ್ಮೋನೇ ಏನಪ್ಪಾ?" ಆಮೇಲೆ ನನ್ನ ಕಡೆ ತಿರುಗಿ, "ಭಾವ, ಇವನು ನಮ್ಮೋನೇ ಕಣ್ರೀ. ನೀವು ಹೊಡೀತದೆ ಅಂದ್ರಲ್ಲ" ಎಂದ. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು.

ಅತ್ತೆ ಎರಡು ದಿನ ಕೆಮ್ಮಿ ಎದ್ದು ಕೂತರು. ಹುಡುಗನ ಕಣ್ಣು ಹೋಯಿತು. ಅವನು ಮತ್ತೆ ಹಾರಲಿಲ್ಲ.

ಕೋರ್ಟಿನಲ್ಲಿ ನನ್ನನ್ನು ಕೇಳಿದರು, ಔಷಧಿ ಎಂದು ಸಾರಿದ್ದು ನಿಜವೇ ಎಂದು. "ನಿಜ ಸ್ವಾಮಿ" ಎಂದೆ. ಎಂಥ ಕಂಠ, ಎಂಥ ಉಚ್ಚಾರ! ಕಡೆಯ ಬೆಂಚಿಗೂ ಕೇಳಿಸಿತು. ಊರವರನ್ನು ಕೇಳಿದರೆ ಎಲ್ಲರಿಗೂ ನನ್ನ ಧ್ವನಿ ನೆನಪಿತ್ತು, ಮಾತು ಯಾರಿಗೂ ನೆನಪಿರಲಿಲ್ಲ. ಮರಿಯಣ್ಣ ನನ್ನ ಮುಖ ನೋಡಿ ತಲೆ ತಗ್ಗಿಸಿದ. ತಂಗಿಯ ಮಾತು ಸಾಕ್ಷಿಗೆ ಬರುವುದಿಲ್ಲವೆಂದು ನಿನ್ನನ್ನು ವಕೀಲರು ಕರೆಸಲೇ ಇಲ್ಲ. ಕೊನೆಗೆ ನಿಮ್ಮಣ್ಣನೇ ಕೈ ಮುಗಿದು, "ನಮ್ ಭಾವ ಹಂಗಂದ್ರೆ ಹಂಗೇ ಇರ್ಬೇಕು ಬುದ್ಧೀ. ನನ್ ಕಿವೀನೇ ಸರಿಯಿಲ್ಲ" ಎಂದ. ಎರಡು ವರ್ಷ ಹಾಕಿದರು.

ಮೆಟ್ಟಿಲಿಳಿಯುವಾಗ ನೀನು ಅಂದದ್ದು ನನಗೆ ನೆನಪಿದೆ: "ಬಣ್ಣ ಹಚ್ಚದೇನೂ ಪಾತ್ರ ಮಾಡ್ತೀರಿ ಅಂತ ಗೊತ್ತಿರಲಿಲ್ಲ." ಹಾಗೆಂದು ಮಾದಿಹಳ್ಳಿ ಕಡೆಯ ಬಸ್ಸು ಹತ್ತಿದೆ. ನಾನು ಅಂದಿನಿಂದ ಬಣ್ಣ ಹಚ್ಚಿಲ್ಲ. ಹಚ್ಚಿದರೆ ಕನ್ನಡಿ ನೋಡಬೇಕಾಗುತ್ತದೆ. ಸುಸ್ತಾಗಿದೆ ಚಲುವಿ. ಒಂದು ಸುಳ್ಳನ್ನು ಇಷ್ಟು ವರ್ಷ ಬಾಯಿಪಾಠ ಇಟ್ಟುಕೊಂಡು ಗಂಟಲು ಬತ್ತಿಹೋಗಿದೆ.

ಹನುಮಂತಯ್ಯ ಈ ಸಲವೂ ಚೀಟಿ ತಂದಿದ್ದ. ಸೊಸೈಟಿಯ ಮೈಕಿನಲ್ಲಿ ನಾನೇ ಓದಬೇಕಂತೆ. ಇವತ್ತು ಬೆಳಿಗ್ಗೆ ಓದಿದೆ. ಏರಿಸಲಿಲ್ಲ, ಇಳಿಸಲಿಲ್ಲ. "ತೆಂಗಿಗೆ ಹುಳ ಬಿದ್ದಿದೆ. ಔಷಧಿ ಹೊಡೆಯುವುದಕ್ಕೆ ವಿಮಾನ ಬರುತ್ತದೆ. ಮನುಷ್ಯರನ್ನು ಹೊಡೆಯುವುದಕ್ಕಲ್ಲ. ಯಾರೂ ಅದರ ಮೇಲೆ ಕಲ್ಲನ್ನೂ ಎಸೆಯಬೇಡಿ, ಒಳಗಿರುವವನು ನಮ್ಮವನೇ." ಆಮೇಲೆ ಮೈಕು ಆರಿಸದೆ, ಎಪ್ಪತ್ತೊಂದರಲ್ಲಿ ನಾನು ಔಷಧಿ ಎಂಬ ಮಾತು ಬಿಟ್ಟು ಸಾರಿದೆ, ಕೋರ್ಟಿನಲ್ಲಿ ಸುಳ್ಳು ಹೇಳಿದೆ, ಹೊನ್ನಯ್ಯನ ಕಿವಿ ಸರಿಯಾಗಿತ್ತು ಎಂದೂ ಹೇಳಿದೆ.

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಶಿವಗಂಗಮ್ಮಜ್ಜಿ ಮಾತ್ರ ಸೊಸೈಟಿ ಕಟ್ಟೆಯಿಂದ ಕೂಗಿತು: "ನಾಟಕದಾಗೆ ಪುಟಗಟ್ಲೆ ನೆಪ್ಪಿರ್ತೈತೆ, ಒಂದು ಮಾತು ನೆಪ್ಪಾಗಾಕೆ ಏಳ್ವರ್ಸ ಬೇಕಾಯ್ತೇನ್ಲಾ ಶಿವಾ?"

ಈ ಕಾಗದದ ಎಲ್ಲ ಹಾಳೆಗೂ ಸಹಿ ಮಾಡಿದ್ದೇನೆ. ಸಾಕ್ಷಿಗೆ ಮೇಷ್ಟ್ರು ಸಹಿ ಹಾಕಿದ್ದಾರೆ, ಮರಿಯಣ್ಣ ಹೆಬ್ಬೆಟ್ಟು ಒತ್ತಿದ್ದಾನೆ. ಕೈಗೆ ಸಿಕ್ಕ ಕೂಡಲೇ ಮೇಷ್ಟ್ರ ಜೊತೆ ಠಾಣೆಗೆ ಹೋಗಿ ತೋರಿಸು. ಮುಂಜಾಗ್ರತೆಗೆ ಒಬ್ಬರನ್ನು ಕೂರಿಸಲೇಬೇಕು ಎಂದರೆ, ಬುಧವಾರ ಮೊದಲನೇ ಬಸ್ಸಿಗೆ ನಾನೇ ಬಂದು ಕೂರುತ್ತೇನೆ ಎನ್ನು. ಸುಳ್ಳು ಸಾಕ್ಷಿಗೆ ಏನು ಶಿಕ್ಷೆಯೋ ಅದೂ ಆಗಲಿ. ವಿಮಾನ ಬಂದಾಗ ನಿಮ್ಮಣ್ಣ ತನ್ನ ಮನೆಯ ಜಗಲಿಯಲ್ಲಿ, ಅವ್ವನ ಪಕ್ಕದಲ್ಲಿ ಕೂತಿರಬೇಕು. ನನಗೆ ಅಷ್ಟೇ ಬೇಕು. ನಿನ್ನನ್ನು ವಾಪಸು ಬಾ ಎಂದು ಕರೆಯುತ್ತಿಲ್ಲ. ಕರೆಯುವ ಕಂಠ ಇದಲ್ಲ.

ಇಂತು ನಿನ್ನ,
ಶಿವಯ್ಯ

ಮರೆತದ್ದು: ಮರೆತದ್ದು ಎಂದು ಬರೆದೆ ನೋಡು, ಅದೂ ಸುಳ್ಳು. ಅಜ್ಜಿ ಕೇಳಿದ್ದೇ ಸರಿ, ನಾನು ಮಾತು ಮರೆಯುವವನಲ್ಲ. ಹನುಮಂತಯ್ಯ ಎಪ್ಪತ್ತೊಂದರಲ್ಲಿ ಕೊಟ್ಟ ಚೀಟಿಯನ್ನು ಬಣ್ಣದ ಪೆಟ್ಟಿಗೆಯ ತಳದಲ್ಲಿ ಬಚ್ಚಿಟ್ಟಿದ್ದೆ. ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ಬೆಳಕಿಗೆ ಹಿಡಿದು ನೋಡು. "ಔಷಧಿ" ಎಂಬುದರ ಮೇಲೆ ಕೆಂಪು ಮಸಿಯ ಗೆರೆ ಇದೆ. ಆ ಗೆರೆ ನನ್ನದು. ಆ ಪದ ಬಂದರೆ ಮಾತಿನ ಗತ್ತು ಕೆಡುತ್ತದೆ, ಹೆದರಬೇಕಾದ ಜನ ಆಕಳಿಸುತ್ತಾರೆ ಎಂದು ನಾನೇ, ಬೇಕೆಂದೇ, ಅದನ್ನು ಹೊಡೆದುಹಾಕಿದೆ. ಮೊದಲು ಹೊಡೆದವನು ಹೊನ್ನಯ್ಯನಲ್ಲ. ಇದನ್ನು ಠಾಣೆಯವರಿಗಿಂತ ಮೊದಲು ಅವನಿಗೆ ತೋರಿಸು.